ರುಚಿ ನೋಡದ ಅಡುಗೆ

ನಾಗಶ್ರೀ ಮಾಡುವ ಹಂದಿ ಬಫಾತ್ ತಿಂದವರು ಬೆರಳು ನೆಕ್ಕುತ್ತಾರೆ ಎಂದು ಗೋಣಿಬೀಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ರಸ್ತೆ ಮಾತ್ರ. ಹದಿಮೂರು ಕ್ರಿಸ್‌ಮಸ್ ಅವಳ ಕೈಯ ಅಡುಗೆ ಉಂಡವಳು ನಾನು. ಆ ಹದಿಮೂರು ವರ್ಷವೂ ಅಡುಗೆ ಮಾಡಿದವಳು ಅದರ ಒಂದು ತುಣುಕನ್ನೂ ಬಾಯಿಗೆ ಹಾಕಿರಲಿಲ್ಲ. ಊರಿನವರು ಇದನ್ನು ತಮಾಷೆಯ ಸಂಗತಿಯಾಗಿ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ, ಯಾಕೆಂದು ಹೇಳುತ್ತೇನೆ.

ನಾಗಶ್ರೀ ಚಿಕ್ಕಮಗಳೂರಿನ ಪೇಟೆಯಲ್ಲಿ ಬೆಲ್ಲ, ಬೇಳೆಯ ಅಂಗಡಿ ಇಟ್ಟಿದ್ದ ಷಡಕ್ಷರಿಯವರ ಒಬ್ಬಳೇ ಮಗಳು. ಲಿಂಗಾಯತರ ಮನೆ, ಮೊಟ್ಟೆ ಎಂಬ ಮಾತು ಕಿವಿಗೆ ಬಿದ್ದರೂ ಮುಖ ತಿರುಗಿಸುವ ಜನ. ನಮ್ಮೂರಿನ ಕ್ರೈಸ್ತರ ಮನೆಯ ದಿಲೀಪ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಪಾರ್ಚ್‌ಮೆಂಟ್ ಕಾಫಿ ಬೀಜ ತುಂಬಿದ ಲಾರಿಯ ಜೊತೆ, ಬೀಜ ಸಂಸ್ಕರಿಸುವ ಅಲ್ಲಿನ ಕ್ಯೂರಿಂಗ್ ವರ್ಕ್ಸಿಗೆ ಹೋದಾಗಲೆಲ್ಲ ಆ ಅಂಗಡಿಗೆ ಹೋಗಿ ಬೇಡದ ಬೆಲ್ಲ ಕೊಂಡು ತರುತ್ತಿದ್ದ. ೧೯೯೩ರ ಬೇಸಿಗೆಯಲ್ಲಿ ಹುಡುಗಿಯನ್ನೇ ಕರೆದುಕೊಂಡು ಬಂದ. ಇಗರ್ಜಿಯಲ್ಲಿ ಮದುವೆಯಾಯಿತು. ಷಡಕ್ಷರಿ ತನಗೆ ಮಕ್ಕಳೇ ಇಲ್ಲ ಎಂದು ಗಿರಾಕಿಗಳಿಗೆ ಹೇಳಿ ಎಂದಿನಂತೆ ತಕ್ಕಡಿ ಹಿಡಿದು ಕೂತರು.

ತಾಯಿ ರುದ್ರಾಣಿ ಮಾತ್ರ ಕದ್ದು ಒಂದು ಮಾತು ಹೇಳಿ ಕಳಿಸಿದರು. ಅವರ ಅಂಗಡಿಯ ಸಾಮಾನು ಗಾಡಿ ಗುರುವಾರಕ್ಕೊಮ್ಮೆ ನಮ್ಮ ಕಡೆ ಬರುತ್ತಿತ್ತು. ಅದರ ಜೊತೆ ಬರುವ ಚಿಕ್ಕಯ್ಯ ನಾಗಶ್ರೀಯನ್ನು ನಮ್ಮ ಜಗಲಿಗೆ ಕರೆಸಿ ಅದನ್ನು ಒಪ್ಪಿಸಿದ. "ಅವ್ವ ಹೇಳವ್ರೆ. ದೇವ್ರು ಬದ್ಲಾದ್ರೂ ಪರ್ವಾಗಿಲ್ವಂತೆ, ಬಾಯಿ ಕೆಡಿಸ್ಕೋಬ್ಯಾಡ ಅಂದವ್ರೆ. ಬಾಯಿ ಒಂದು ಶುದ್ಧ ಇದ್ರೆ ಒಂದಲ್ಲ ಒಂದಿನ ಅಪ್ಪನ್ನ ಒಪ್ಸಿ ಮನೆಗೆ ಕರ್ಸಿ ಕೈಯಾರ ಉಣ್ಣಿಸ್ತಾರಂತೆ." ನಾಗಶ್ರೀ ಅಳಲಿಲ್ಲ. "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಅವ್ವ ಯಾವಾಗ್ಲೂ ಹೇಳೋಳು ಅಕ್ಕ" ಎಂದಳು. ಅಂದಿನಿಂದ ಅವಳ ಬದುಕೆಲ್ಲ ಆ ಒಂದು ಊಟಕ್ಕೆ ಕಾಯುವುದೇ ಆಯಿತು.

ಕಾಯಬೇಕಾಗಿದ್ದದ್ದು ಅತ್ತೆ ಮರಿಯಮ್ಮನ ಅಡುಗೆಮನೆಯಲ್ಲಿ. ಮರಿಯಮ್ಮ ವಿಧವೆ, ಎತ್ತರದ ಆಳು. ಊರಲ್ಲಿ ಯಾರ ಮನೆಯಲ್ಲಿ ಹೆರಿಗೆ ಕಷ್ಟವಾದರೂ ಮೊದಲು ಓಡಿ ಬರುವವಳು ಅವಳೇ. ನನ್ನ ಮಗಳು ಹುಟ್ಟಿದಾಗ ಮೂರು ದಿನ ನಿದ್ದೆಗೆಟ್ಟು ಕೂತಿದ್ದಳು. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಒಬ್ಬನೇ ಮಗನಿಗೆ ಮಂಗಳೂರಿನ ಕಡೆಯ ಹೆಣ್ಣು ನೋಡಿಟ್ಟಿದ್ದಳಂತೆ. ಸೊಸೆಯಾಗಿ ಬಂದವಳು ಬೆಲ್ಲದಂಗಡಿಯ ಹುಡುಗಿ, ಅದೂ ಮಾಂಸ ಮುಟ್ಟದವಳು. ಆ ಸಿಟ್ಟನ್ನು ಆಕೆ ಆರಲು ಬಿಡಲಿಲ್ಲ.

ಆ ಮನೆಯ ಕ್ರಿಸ್‌ಮಸ್ ಊಟವೆಂದರೆ ನಮಗೆಲ್ಲ ವರ್ಷದ ಹಬ್ಬ. ನಾವು ಗೌಡರು, ಹಂದಿ ಮಾಂಸ ನಮಗೇನೂ ಹೊಸದಲ್ಲ. ಕಡುಬಿನ ಜೊತೆ ನಮ್ಮಲ್ಲೂ ಮಾಡುತ್ತೇವೆ. ಆದರೆ ಮರಿಯಮ್ಮನ ಮನೆಯದು ಬೇರೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸನ್ನು ಬಿಸಿಲಿಗೆ ಒಣಗಿಸಿ ಕುಟ್ಟಿದ ಬಫಾತ್ ಪುಡಿ, ಹುಳಿಗೆ ಉಪ್ಪಾಗೆ ಹಣ್ಣಿನ ಒಣ ಸಿಪ್ಪೆ. ಜೊತೆಗೆ ಬಗನಿ ಕಳ್ಳು ಹಾಕಿ ಉಬ್ಬಿಸಿದ, ಇಡ್ಲಿಯಂಥ ಬೆಳ್ಳಗಿನ ಸನ್ನ. ಕೋಳಿ ಸಾರು, ಕಡಲೆ ತೊಂಡೆಕಾಯಿ ಪಲ್ಯ, ನೇರಳೆಹಣ್ಣಿನ ವೈನು. ಒಂದು ವಾರ ಮೊದಲೇ ಹಂಚುವ ಹಬ್ಬದ ತಿಂಡಿ, ಕುಸ್ವಾರ್, ಶುರುವಾಗುತ್ತಿತ್ತು: ನೆವ್ರಿ, ಗುಳಿಯೊ, ಗುಲಾಬಿ ಹೂವಿನ ಅಚ್ಚಿನಲ್ಲಿ ಕರಿದ ಬಿಸ್ಕತ್ತು. ಅದನ್ನು ತಟ್ಟೆಯಲ್ಲಿಟ್ಟು ಕಸೂತಿ ಬಟ್ಟೆ ಮುಚ್ಚಿ ಮನೆಮನೆಗೆ ಕಳಿಸುತ್ತಿದ್ದರು. ತಟ್ಟೆ ಬರಿದಾಗಿ ಹಿಂತಿರುಗಬಾರದು, ನಾವು ಕಿತ್ತಳೆಯನ್ನೋ ಸಕ್ಕರೆಯನ್ನೋ ಇಟ್ಟು ಕೊಡುತ್ತಿದ್ದೆವು.

ಮೊದಲ ವರ್ಷ ಡಿಸೆಂಬರ್ ಇಪ್ಪತ್ತನಾಲ್ಕರ ಬೆಳಿಗ್ಗೆ ತಿಮ್ಮಪ್ಪ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದ ಗೋಣಿಯಲ್ಲಿ ಅರ್ಧ ಹಂದಿ ತಂದಿಳಿಸಿದ. ಹಂದಿ ಕಡಿಯುವುದು ಅವನ ಕಸುಬು. ಮರಿಯಮ್ಮ ಕತ್ತಿಯನ್ನು ಸೊಸೆಯ ಕೈಗೆ ಕೊಟ್ಟಳು.

"ನಂಗೆ ಬರಲ್ಲ ಅತ್ತೆ."

"ಬರಲ್ಲ ಅಂದ್ರೆ ಎಂತದು ಮಾರಾಯ್ತಿ? ಗಂಡನ ಬಾಯಿಗೆ ಬೇಕಾದ್ದು ನಿನ್ನ ಕೈಗೆ ಬೇಡ್ವಾ?"

ನಾಗಶ್ರೀ ಮೂರು ಸಲ ಹಿತ್ತಲಿಗೆ ಓಡಿ ವಾಂತಿ ಮಾಡಿದಳು. ಮೂರು ಸಲವೂ ಮರಿಯಮ್ಮ ಬಾಗಿಲಲ್ಲೇ ಕಾದು ನಿಂತು, ಅವಳು ಬಾಯಿ ತೊಳೆದು ಬಂದ ಮೇಲೆ ಕತ್ತಿಯನ್ನು ಮತ್ತೆ ಕೈಗಿಟ್ಟಳು. ಬೈಯಲಿಲ್ಲ, ಗದರಿಸಲಿಲ್ಲ. ಚರ್ಮದ ಮೇಲೆ ಉಳಿದಿದ್ದ ಕೂದಲನ್ನು ಸುಟ್ಟು ಹೆರೆಯುವುದನ್ನು ತೋರಿಸಿಕೊಟ್ಟಳು. ತಿಮ್ಮಪ್ಪ ಬೀಡಿ ಸೇದುತ್ತಾ ನಗುತ್ತಿದ್ದ. ಬೇಲಿಯ ಈಚೆ ನಿಂತಿದ್ದ ನಾನೂ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದೆ. ಮಸಾಲೆಯ ಅಳತೆಯನ್ನು ಮರಿಯಮ್ಮ ಒಂದೇ ಸಲ ಹೇಳಿ ಜಗಲಿಗೆ ಬಂದು ಜಪಸರ ಹಿಡಿದು ಕೂತಳು.

ಆಶ್ಚರ್ಯವೆಂದರೆ ಹುಡುಗಿ ಕಲಿತಳು. ನಾಲಿಗೆಯನ್ನು ಬಿಟ್ಟು ಉಳಿದದ್ದೆಲ್ಲದರಿಂದ ಅಡುಗೆ ಮಾಡಿದಳು. ಮಸಾಲೆ ಹುರಿಯುವಾಗ ಮೂಗಿನಿಂದ, ಮಾಂಸ ಕುದಿಯುವಾಗ ಕಿವಿಯಿಂದ. ನೀರು ಇಂಗಿ ನೆಣ ಮೇಲೆ ಬಂತೆಂದರೆ ಕುದಿಯುವ ಸದ್ದು ಬದಲಾಗುತ್ತದೆ, ಆಗ ಬೆಂಕಿ ಎಳೆಯಬೇಕು ಎಂದು ನನಗೇ ಹೇಳಿಕೊಟ್ಟವಳು ಅವಳು. ಆದರೆ ಉಪ್ಪು ಮೂಗಿಗೂ ಸಿಗುವುದಿಲ್ಲ, ಕಿವಿಗೂ ಸಿಗುವುದಿಲ್ಲ. ಹೆಚ್ಚಾದೀತು ಎಂಬ ಹೆದರಿಕೆಯಲ್ಲಿ ಅವಳ ಕೈ ಹಿಂಜರಿಯುತ್ತಿತ್ತು. ಮೊದಲ ಊಟದ ಮೊದಲ ತುತ್ತಿಗೇ ನಮಗೆಲ್ಲ ಗೊತ್ತಾಯಿತು, ಉಳಿದದ್ದೆಲ್ಲ ಸೊಗಸಾಗಿದೆ, ಉಪ್ಪು ಇಲ್ಲ.

ನಾಗಶ್ರೀ ಸನ್ನ ತರಲು ಒಳಗೆ ಹೋದಾಗ ಮರಿಯಮ್ಮ ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದಳು. "ಯಾರೂ ಬಾಯಿ ಬಿಡ್ಬಾರ್ದು. ರುಚಿ ನೋಡಿದ್ರೆ ತಾನೇ ಗೊತ್ತಾಗುತ್ತೆ. ನೋಡ್ಲಿ. ನೋಡೋವರ್ಗೂ ಹಿಂಗೇ ಇರ್ಲಿ."

ನಾವು ಒಪ್ಪಿದೆವು. ನಮಗದು ಆಟ. ಮರುವರ್ಷ ಮರಿಯಮ್ಮ ಮೇಜಿನ ನಡುವೆ ಒಂದು ಗಾಜಿನ ಬಟ್ಟಲಲ್ಲಿ ಉಪ್ಪು ಇಡಿಸಿದಳು. ನಾವು ಚಿಟಿಕೆ ಚಿಟಿಕೆ ಹಾಕಿಕೊಂಡು "ಏನು ಕೈ ನಿಂದು ನಾಗಶ್ರೀ" ಎಂದು ಹೊಗಳುತ್ತಿದ್ದೆವು. ಅವಳು ಅದನ್ನು ಕ್ರೈಸ್ತರ ಪದ್ಧತಿ ಎಂದುಕೊಂಡಿದ್ದಳು. ಪ್ರತಿ ವರ್ಷ ಹಬ್ಬದ ಮುಂಚೆ ಆ ಬಟ್ಟಲನ್ನು ಬೂದಿ ಹಾಕಿ ತಿಕ್ಕಿ ಫಳಫಳ ಮಾಡಿಡುತ್ತಿದ್ದಳು.

ಅವಳಿಗೆ ಆ ಮೇಜಿನಲ್ಲಿ ಜಾಗವಿರಲಿಲ್ಲ. "ಮೇಜಿಗೆ ಕೂರೋರು ಮೇಜಿನ ಮೇಲಿದ್ದದ್ದು ತಿನ್ಬೇಕು" ಎಂದು ಮರಿಯಮ್ಮ ಮೊದಲ ದಿನವೇ ಹೇಳಿಬಿಟ್ಟಿದ್ದಳು. ದಿಲೀಪ ತಲೆಯೆತ್ತಲಿಲ್ಲ. ಅವನು ಕೆಟ್ಟವನಲ್ಲ, ಹೇಡಿ. ಹೆಂಡತಿಯ ಪಾಲಿಗೆ ಎರಡೂ ಒಂದೇ. ನಾಗಶ್ರೀ ನಿಂತು ಬಡಿಸಿ, ನಾವೆಲ್ಲ ಕೈ ತೊಳೆದ ಮೇಲೆ ಅಡುಗೆಮನೆಯ ಮಣೆಯ ಮೇಲೆ ಕೂತು ಸನ್ನ ಮತ್ತು ತನ್ನದೇ ಪಲ್ಯ ತಿನ್ನುತ್ತಿದ್ದಳು. ಆ ಪಲ್ಯಕ್ಕೆ ಅವಳದೇ ಪುಟ್ಟ ಬಾಣಲೆ, ಅವಳದೇ ಸೌಟು, ಮೇಲಿನ ಹಲಗೆಯಲ್ಲಿ ಅವಳದೇ ಕೊಬ್ಬರಿ ಎಣ್ಣೆಯ ಬಾಟಲಿ. ಮಕ್ಕಳಾಗಲಿಲ್ಲ. ಅದಕ್ಕೂ ಮರಿಯಮ್ಮನ ಹತ್ತಿರ ಮಾತಿತ್ತು: "ಸೊಪ್ಪು ತಿನ್ನೋ ಹೊಟ್ಟೇಲಿ ಎಂತ ನಿಲ್ಲುತ್ತೆ?"

ಈಗ ನನ್ನ ಪಾಲಿನದನ್ನು ಹೇಳಬೇಕು. ೧೯೯೬ರ ಕ್ರಿಸ್‌ಮಸ್ಸಿನ ಮರುದಿನ ಬೆಳಿಗ್ಗೆ ಕುಸ್ವಾರ್ ತಟ್ಟೆಗೆ ನಾಲ್ಕು ಕಿತ್ತಳೆ ಇಟ್ಟುಕೊಂಡು ಹಿಂತಿರುಗಿಸಲು ಹೋಗಿದ್ದೆ. ನಾಗಶ್ರೀ ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿದ್ದಳು. ಅಡುಗೆಮನೆಯಲ್ಲಿ ಮರಿಯಮ್ಮ ಒಬ್ಬಳೇ. ಒಲೆಯ ಬದಿಯಲ್ಲಿ ನಾಗಶ್ರೀಯ ಎಣ್ಣೆ ಬಾಟಲಿ; ನಮ್ಮ ಡಿಸೆಂಬರಿನ ಚಳಿಗೆ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗುತ್ತದೆ, ಕರಗಲೆಂದು ಇಟ್ಟದ್ದು. ಮರಿಯಮ್ಮ ಹಂದಿಯ ನೆಣ ಕರಗಿಸಿ ಸೋಸಿದ ತುಪ್ಪವನ್ನು ಚಮಚದಲ್ಲಿ ಎತ್ತಿ ಅದಕ್ಕೆ ಸುರಿಯುತ್ತಿದ್ದಳು. ಆ ತುಪ್ಪವೂ ಚಳಿಗೆ ಬೆಳ್ಳಗೆ ಗಟ್ಟಿಯಾಗುತ್ತದೆ, ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ನನ್ನನ್ನು ನೋಡಿ ಆಕೆ ಬೆಚ್ಚಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಕಣ್ಣು ಮಿಟುಕಿಸಿದಳು. "ಎರಡ್ನೇ ಕ್ರಿಸ್‌ಮಸ್ಸಿಂದ ಹಾಕ್ತಿದೀನಿ ರಕ್ಷಾ. ಚಳಿ ಮುಗಿಯೋವರ್ಗೂ ದಿನಾ ತಿಂತಾಳೆ. ಸತ್ಲಾ ಎಂತ?"

ನಾನು ನಕ್ಕೆ. ಬೇರೇನು ಮಾಡಬೇಕೆಂದು ತೋಚದೆ ನಕ್ಕೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು, ನನಗೆ ನಗು ಬಂದಿತ್ತು. ಅಷ್ಟು ಚುರುಕು ಮೂಗಿನವಳಿಗೆ ವಾಸನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಹಬ್ಬದ ಮುಂದೆ ಹಿಂದೆ ಆ ಮನೆಯ ಗೋಡೆ, ಹೊದಿಕೆ, ಅವಳ ಕೈಬೆರಳು ಎಲ್ಲದರಲ್ಲೂ ಅದೇ ವಾಸನೆ. ಪಲ್ಯವೊಂದರಲ್ಲಿ ಅದನ್ನು ಯಾರು ಹುಡುಕುತ್ತಾರೆ? ಮನೆಗೆ ಬಂದು ಗಂಡ ರಾಜೀವನಿಗೆ ಹೇಳಿದೆ. "ಅವ್ರ ಮನೆ ವಿಚಾರ ನಮಗೆ ಎಂತಕ್ಕೆ?" ಎಂದ. ನನಗೂ ಅದೇ ಬೇಕಾಗಿತ್ತು. ಹೇಳಿದರೆ ಮರಿಯಮ್ಮನ ಸ್ನೇಹ ಹೋಗುತ್ತಿತ್ತು, ಕ್ರಿಸ್‌ಮಸ್ ಊಟವೂ ಹೋಗುತ್ತಿತ್ತು. ಒಂಬತ್ತು ವರ್ಷ ನಾನು ಬಾಯಿ ಮುಚ್ಚಿಕೊಂಡು, ಉಣ್ಣಲು ಮಾತ್ರ ಬಾಯಿ ತೆರೆದೆ.

೨೦೦೫ರ ಕ್ರಿಸ್‌ಮಸ್ ದಿನ ಬೆಳಿಗ್ಗೆ ಚಿಕ್ಕಯ್ಯ ಬಸ್ಸಿನಲ್ಲಿ ಬಂದಿಳಿದ. ರುದ್ರಾಣಿಯವರಿಗೆ ಮೂತ್ರಪಿಂಡದ ಕಾಯಿಲೆ, ಹಾಸಿಗೆ ಹಿಡಿದಿದ್ದಾರೆ. ಕೊನೆಗೂ ಷಡಕ್ಷರಿ ಒಪ್ಪಿದ್ದಾರೆ, ನಾಳೆಯೇ ಬರಬೇಕು. "ಅವ್ವ ನಿಮ್ಗೆ ಉಣ್ಣಿಸ್ಬೇಕು ಅಂತ ಕಾಯ್ತವ್ರೆ ತಾಯಿ. ಬಾಯಿ ಶುದ್ಧ ಐತಾ ಅಂತ ಒಂದು ಮಾತು ಕೇಳ್ತಾರೆ, ಅಷ್ಟೆ."

ನಾಗಶ್ರೀ ಆ ದಿನ ಅಡುಗೆ ಮಾಡುತ್ತಾ ಹಾಡಿದಳು. ಹನ್ನೆರಡು ವರ್ಷದಲ್ಲಿ ನಾನು ಅವಳ ಹಾಡು ಕೇಳಿರಲಿಲ್ಲ. ಬಡಿಸುವಾಗ ಕೈ ಧಾರಾಳವಾಗಿತ್ತು, ತಿಮ್ಮಪ್ಪನಿಗೆ ಬೇಡವೆಂದರೂ ಎರಡೆರಡು ಸೌಟು ಹಾಕಿದಳು. ಮೇಜಿನ ಸುತ್ತ ನಾವು ಹತ್ತು ಜನ. ಮರಿಯಮ್ಮ ಊಟ ಮಾಡುತ್ತಾ ಸೊಸೆಯನ್ನೇ ನೋಡುತ್ತಿದ್ದಳು.

"ನಾಳೆ ಹೋದೋಳು ವಾಪಸ್ ಯಾವಾಗ?"

"ಅವ್ವ ಹುಷಾರಾಗೋವರ್ಗೂ ಇರ್ತೀನಿ ಅತ್ತೆ."

ಮರಿಯಮ್ಮ ಕೈಯಲ್ಲಿದ್ದ ಸನ್ನವನ್ನು ತಟ್ಟೆಗಿಟ್ಟಳು. "ನಿನ್ನ ಎಣ್ಣೆ ಬಾಟ್ಲಿ ತಗೊಂಬಾ."

ನನ್ನ ಕೈ ತಟ್ಟೆಯಲ್ಲೇ ನಿಂತಿತು. ನಾಗಶ್ರೀ ಏನೂ ತಿಳಿಯದೆ ನಗುತ್ತಲೇ ಬಾಟಲಿ ತಂದುಕೊಟ್ಟಳು. ಮರಿಯಮ್ಮ ಅದನ್ನು ಉಪ್ಪಿನ ಬಟ್ಟಲಿನ ಪಕ್ಕದಲ್ಲಿ ನಿಲ್ಲಿಸಿದಳು. "ಇದ್ರಲ್ಲಿ ಅರ್ಧ ಕೊಬ್ಬರಿ, ಅರ್ಧ ಹಂದಿ ತುಪ್ಪ. ಹನ್ನೊಂದು ವರ್ಷ ಆಯ್ತು. ನಿಮ್ಮವ್ವ ಕೇಳಿದ್ರೆ ಎಂತ ಹೇಳ್ತಿ?"

ತಿಮ್ಮಪ್ಪ ಒಂದು ಸಲ ಹಲ್ಲು ಬಿಟ್ಟು, ಯಾರೂ ನಗದ್ದನ್ನು ನೋಡಿ ಸುಮ್ಮನಾದ. ನಾಗಶ್ರೀ ಗಂಡನ ಕಡೆ ತಿರುಗಿದಳು.

"ಬಿಡು ಮಾರಾಯ್ತಿ" ಎಂದ ದಿಲೀಪ, ತಟ್ಟೆ ನೋಡುತ್ತಾ. "ಗೊತ್ತಿಲ್ದೆ ತಿಂದಿದ್ದು ಎಂತ ಲೆಕ್ಕ? ಊಟದ ಹೊತ್ತಲ್ಲಿ ಈ ಮಾತು ಬೇಡ." ಅವನಿಗೂ ಗೊತ್ತಿತ್ತು.

ಅವಳು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಬೆಳ್ಳಗಿತ್ತು. ಅದನ್ನು ಅಡುಗೆಮನೆಗೆ ಒಯ್ದು ಅದರದೇ ಜಾಗದಲ್ಲಿಟ್ಟು ಬಂದು, ಉಳಿದವರಿಗೆ ಕೋಳಿ ಸಾರು ಬಡಿಸಿದಳು. ಎಂಥ ಹಬ್ಬ ಅದು! ಆದರೂ ನಾವು ಊಟ ಮುಗಿಸಿಯೇ ಎದ್ದೆವು. ಮರಿಯಮ್ಮ ಯಾಕೆ ಹಾಗೆ ಮಾಡಿದಳು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಸೊಸೆಯ ಮೇಲೆ ದ್ವೇಷ ಎಂದುಕೊಂಡಿದ್ದೆವು. ಅವಳು ಎಲ್ಲಿ ಬಿಟ್ಟು ಹೋಗುತ್ತಾಳೋ ಎಂಬ ಭಯ ಅದರಲ್ಲಿತ್ತು. ಕಾಲು ಕಟ್ಟಿ ಹಾಕುವ ಬದಲು ಹೋಗುವ ಬಾಗಿಲನ್ನೇ ಮುಚ್ಚಿದಳು.

ಮರುದಿನ ದಿಲೀಪನಿಗೆ ತೋಟದಲ್ಲಿ ಕಾಫಿ ಕುಯ್ಲಿನ ಕೆಲಸವಂತೆ. ನಾಗಶ್ರೀಯ ಜೊತೆ ಬಸ್ಸು ಹತ್ತಿದವಳು ನಾನು. ದಾರಿಯುದ್ದಕ್ಕೂ ಒಂದೇ ಮಾತು ಹೇಳಿದೆ: "ಇಲ್ಲ ಅಂದ್ಬಿಡು. ಬೇಕು ಅಂತ ನೀನು ತಿಂದಿಲ್ಲ. ದೇವ್ರಿಗೆ ಗೊತ್ತು." ಅವಳು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ನಾನು ೧೯೯೬ರಲ್ಲೇ ನೋಡಿದ್ದೆ ಎಂದು ಹೇಳಲು ಎರಡು ಗಂಟೆ ಸಮಯವಿತ್ತು. ಹೇಳಲಿಲ್ಲ.

ಮನೆಯಲ್ಲಿ ರುದ್ರಾಣಿಯವರನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಮೈ ಊದಿತ್ತು. ಅವರ ಓರಗಿತ್ತಿ ಹಿತ್ತಾಳೆಯ ತಟ್ಟೆಯಲ್ಲಿ ಶ್ಯಾವಿಗೆ ಪಾಯಸ, ಹೋಳಿಗೆ, ಅನ್ನ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಬಾಗಿಲಲ್ಲಿ ಷಡಕ್ಷರಿ, ಹಣೆಯ ತುಂಬ ವಿಭೂತಿ, ಮಗಳ ಮುಖ ನೋಡದೆ ಹೊಸಿಲನ್ನು ನೋಡುತ್ತಿದ್ದರು. ತಾಯಿ ಮಗಳ ಕೆನ್ನೆ, ತಲೆ ಎಲ್ಲ ಸವರಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಕೇಳಿದರು.

"ಮಗಾ, ಬಾಯಿಗೆ ಏನಾರ ಮುಟ್ಟಿಸಿದೀಯಾ?"

ನಾನು ಹಿಂದಿನಿಂದ ಅವಳ ಬೆನ್ನು ಚಿವುಟಿದೆ.

"ಮುಟ್ಟಿದೆ ಅವ್ವ" ಎಂದಳು ನಾಗಶ್ರೀ. "ನಂಗೆ ಗೊತ್ತಿಲ್ದಂಗೆ ಹಾಕಿದ್ರು. ಹನ್ನೊಂದು ವರ್ಷ ತಿಂದಿದೀನಿ."

ಷಡಕ್ಷರಿ ಬಾಗಿಲು ಬಿಟ್ಟು ಅಂಗಡಿಯ ಕಡೆ ಹೊರಟುಹೋದರು. ಓರಗಿತ್ತಿ ತಟ್ಟೆಯನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡರು. ರುದ್ರಾಣಿಯವರ ಕೈ ಮಗಳ ತಲೆಯಿಂದ ಜಾರಿ ಕಂಬಳಿಯ ಮೇಲೆ ಬಿತ್ತು.

"ಇಲ್ಲ ಅನ್ನೋಕೆ ಬರ್ಲಿಲ್ವೇನೆ ನಿಂಗೆ?" ಎಂದರು ಮೆಲ್ಲಗೆ. "ಇಲ್ಲ ಅನ್ಲಿ ಅಂತಾನೆ ಕೇಳಿದ್ದು ಕಣೆ. ಎಲ್ಲಾರ ಮುಂದೆ ಹಿಂಗೆ ಹೇಳಿದ್ಮೇಲೆ ನಾನೆಂಗೆ ಉಣ್ಣಿಸ್ಲಿ?"

ಗೋಡೆಯ ಕಡೆ ಹೊರಳಿದರು. ತಟ್ಟೆ ಒಳಗೆ ಹೋಯಿತು. ನಾವು ಒಂದು ಲೋಟ ನೀರೂ ಕುಡಿಯದೆ ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಬಂದೆವು. ಬಸ್ಸಿನಲ್ಲಿ ನಾನು ಅವಳನ್ನು ಬೈದೆ, ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು ಎಂದೆ. "ಅವ್ವನಿಗೆ ನಾನೂ ಮೋಸ ಮಾಡಿ ಉಣ್ಬೇಕಿತ್ತಾ ಅಕ್ಕ?" ಎಂದಳು. ಶಿವರಾತ್ರಿಗೆ ಮೊದಲೇ ರುದ್ರಾಣಿ ತೀರಿಕೊಂಡರು. ಚಿಕ್ಕಯ್ಯ ಬಂದು ಹೇಳುವಾಗ ಮಣ್ಣು ಮಾಡಿ ಮೂರು ದಿನವಾಗಿತ್ತು.

೨೦೦೬ರ ಕ್ರಿಸ್‌ಮಸ್ಸಿಗೂ ಕರೆ ಬಂತು, ನಾವೂ ಹೋದೆವು. ಅದೇ ಬಫಾತ್, ಅದೇ ಸನ್ನ, ಫಳಫಳ ಹೊಳೆಯುವ ಅದೇ ಉಪ್ಪಿನ ಬಟ್ಟಲು. ಎಲ್ಲರಿಗೂ ಬಡಿಸಿದ ಮೇಲೆ ನಾಗಶ್ರೀ ಒಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತಳು. ತಟ್ಟೆಗೆ ಎರಡು ಸನ್ನ, ಒಂದು ಸೌಟು ಮಾಂಸ ಹಾಕಿಕೊಂಡಳು. ಮರಿಯಮ್ಮ ಶಿಲುಬೆಯ ಗುರುತು ಮಾಡಿ, "ಈಗ ನೀನು ಈ ಮನೆಯವಳಾದೆ ನೋಡು" ಎಂದಳು. ಆಕೆಯ ಕಣ್ಣಲ್ಲಿ ನಿಜವಾಗಿ ನೀರಿತ್ತು. ಅದನ್ನು ನೋಡಿ ನನಗೆ ಮೈ ಉರಿಯಿತು.

ನಾಗಶ್ರೀ ಒಂದು ತುಣುಕನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ನುಂಗಿದಳು. ಇನ್ನೊಂದು ಅಗಿದಳು.

"ಉಪ್ಪೇ ಇಲ್ಲ" ಎಂದಳು.

ನಾವೆಲ್ಲ ನಮ್ಮ ನಮ್ಮ ತಟ್ಟೆ ನೋಡಿದೆವು. ಅವಳು ಬಟ್ಟಲನ್ನು ನೋಡಿದಳು. ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದು ನನ್ನಲ್ಲಿ ನಿಂತಳು.

"ಮೊದ್ಲಿಂದ್ಲೂ ಹಿಂಗೇ ಇತ್ತಾ ಅಕ್ಕ?"

"ಸ್ವಲ್ಪ ಕಮ್ಮಿ ಇರೋದು" ಎಂದೆ.

"ಇದು ನಿಮ್ಮೆಲ್ಲರ ಪದ್ಧತಿ ಅಂತ ನಾನು ವರ್ಷ ವರ್ಷ ತಿಕ್ಕಿ ಇಡ್ತಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಬೇರೆಯವ್ರು ಹೋಗ್ಲಿ. ನೀವಾದ್ರೂ ಹೇಳ್ಬೋದಿತ್ತಲ್ಲ ಅಕ್ಕ. ನಿಮ್ಗೆ ಗೊತ್ತಿದ್ದದ್ದು ಇದೊಂದೇ ತಾನೆ?"

ಮರಿಯಮ್ಮ ನನ್ನನ್ನೇ ನೋಡುತ್ತಿದ್ದಳು. ತುಟಿಯ ಮೇಲೆ ಬೆರಳಿಡಲಿಲ್ಲ, ಅದರ ಅಗತ್ಯವೂ ಇರಲಿಲ್ಲ.

"ಇದೊಂದೇ" ಎಂದೆ.

ನಾಗಶ್ರೀ ತಲೆಯಾಡಿಸಿ ಬಟ್ಟಲನ್ನು ನನ್ನ ಕಡೆ ಸರಿಸಿದಳು. ನಾನು ಒಂದು ಚಿಟಿಕೆ ಉಪ್ಪು ಹಾಕಿಕೊಂಡು ಊಟ ಮುಂದುವರಿಸಿದೆ.